ಜನಸಂದಣಿಯ ಸುರಕ್ಷತೆ: ಒಂದು ಲೆಕ್ಕಾಚಾರದ ಇತಿಹಾಸ

ಒಂದು ಸಭಾಂಗಣದಲ್ಲಿ 1,200 ಜನ ಕುಳಿತಿದ್ದಾರೆ. ಅವರೆಲ್ಲರೂ ಮೂರು ನಾಲ್ಕು ನಿಮಿಷಗಳೊಳಗೆ ಸುರಕ್ಷಿತವಾಗಿ ಹೊರಬರಬೇಕಾದರೆ ಬಾಗಿಲುಗಳ ಒಟ್ಟು ಅಗಲ ಎಷ್ಟಿರಬೇಕು? ನಲ್ಲಿಯಿಂದ ನೀರು ಹರಿಯುವ ದರವನ್ನು ಲೆಕ್ಕ ಹಾಕಬಲ್ಲ ಪ್ರೌಢಶಾಲಾ ವಿದ್ಯಾರ್ಥಿಗೆ ಈ ಪ್ರಶ್ನೆ ಕಷ್ಟದ್ದೇನಲ್ಲ. ಆದರೂ ಇದನ್ನು ಕ್ರಮಬದ್ಧವಾಗಿ ಕೇಳಲು, ಉತ್ತರವನ್ನು ನಿಯಮವಾಗಿ ಬರೆಯಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು. ಹೆಚ್ಚಿನ ನಿಯಮಗಳ ಹಿಂದೆ ಒಂದೊಂದು ದುರಂತವಿದೆ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ದ್ವಾರಗಳ ಬಳಿ 11 ಜನ ಸತ್ತರು. ಹಿಂದಿನ ರಾತ್ರಿ ಗೆದ್ದ ಕ್ರಿಕೆಟ್ ತಂಡವನ್ನು ನೋಡಲು ಬಂದವರು ಅವರು. ಮರುದಿನದ ಪತ್ರಿಕೆಗಳಲ್ಲಿ ‘ಕಾಲ್ತುಳಿತ’ ಎಂಬ ಪದ ದಪ್ಪಕ್ಷರಗಳಲ್ಲಿ ಅಚ್ಚಾಯಿತು. ಈ ಪದ ಒಂದು ಚಿತ್ರವನ್ನು ಕಣ್ಣ ಮುಂದೆ ತರುತ್ತದೆ: ಜನ ವಿವೇಕ ಕಳೆದುಕೊಂಡು ಓಡಿದರು, ಬಿದ್ದವರನ್ನು ತುಳಿದರು. ಈ ಚಿತ್ರ ಎಷ್ಟರಮಟ್ಟಿಗೆ ಸರಿ? ಕಳೆದ ಸುಮಾರು 140 ವರ್ಷಗಳ ಇತಿಹಾಸವನ್ನು ಅವಲೋಕಿಸಿದರೆ ಬೇರೆಯೇ ಚಿತ್ರ ಸಿಗುತ್ತದೆ. ಜನರ ನಡತೆಯನ್ನು ದೂರುವುದರಿಂದ ಸುರಕ್ಷತೆ ಹೆಚ್ಚಿದ ಉದಾಹರಣೆ ಈ ಇತಿಹಾಸದಲ್ಲಿ ಕಾಣುವುದಿಲ್ಲ. ಅಗಲ, ಸಾಂದ್ರತೆ, ಹರಿವು, ಕಾಲ ಇವುಗಳನ್ನು ಅಳೆಯತೊಡಗಿದ ಮೇಲಷ್ಟೇ ಅದು ಹೆಚ್ಚಿದೆ.

ಬಾಗಿಲು ಮತ್ತು ಅಗುಳಿ

1883ರ ಜೂನ್ 16. ಇಂಗ್ಲೆಂಡಿನ ಸಂಡರ್‌ಲೆಂಡ್ ಪಟ್ಟಣದ ವಿಕ್ಟೋರಿಯಾ ಹಾಲ್‌ನಲ್ಲಿ ಮಕ್ಕಳಿಗಾಗಿ ಜಾದೂ ಪ್ರದರ್ಶನ ಏರ್ಪಾಡಾಗಿತ್ತು. ಪ್ರದರ್ಶನ ಮುಗಿಯುವಾಗ ಬಹುಮಾನ ಕೊಡುವುದಾಗಿ ಸಾರಲಾಯಿತು. ವೇದಿಕೆಯಿಂದ ಕೆಳಗಿನ ಸಾಲಿನ ಮಕ್ಕಳಿಗೆ ಆಟಿಕೆ ಹಂಚಲು ಆರಂಭವಾಗುತ್ತಿದ್ದಂತೆ, ತಮಗೆ ಎಲ್ಲಿ ತಪ್ಪಿಹೋಗುತ್ತದೋ ಎಂದು ಮೇಲಿನ ಗ್ಯಾಲರಿಯಲ್ಲಿದ್ದ ಸುಮಾರು 1,100 ಮಕ್ಕಳು ಮೆಟ್ಟಿಲಿಳಿದು ಬಂದರು. ಮೆಟ್ಟಿಲುಗಳ ಬುಡದಲ್ಲಿದ್ದ ಬಾಗಿಲು ಮೆಟ್ಟಿಲಿನ ಕಡೆಗೇ ತೆರೆಯುವಂಥದ್ದು. ಅಲ್ಲದೆ, ಒಂದು ಸಲಕ್ಕೆ ಒಂದೇ ಮಗು ನುಸುಳುವಷ್ಟು ಸಂದು ಬಿಟ್ಟು ಅದಕ್ಕೆ ಅಗುಳಿ ಹಾಕಲಾಗಿತ್ತು. ಮುಂದಿನ ಮಕ್ಕಳು ಸಿಕ್ಕಿಕೊಂಡದ್ದು ಹಿಂದಿನ ಮಕ್ಕಳಿಗೆ ಕಾಣಲಿಲ್ಲ. 183 ಮಕ್ಕಳು ಉಸಿರುಗಟ್ಟಿ ಸತ್ತರು. ಅವರ ವಯಸ್ಸು 3ರಿಂದ 14 ವರ್ಷ. ಅಲ್ಲಿ ಬೆಂಕಿ ಬಿದ್ದಿರಲಿಲ್ಲ, ಯಾರೂ ಹೆದರಿ ಓಡಿರಲಿಲ್ಲ. ಆಟಿಕೆಯ ಆಸೆ, ಇಳಿಜಾರಿನ ಮೆಟ್ಟಿಲು, ಕಿರಿದಾದ ಸಂದು ಈ ಮೂರೇ ಸಾಕಾದವು.

ಒಳಮುಖವಾಗಿ ತೆರೆಯುವ ಬಾಗಿಲಿನ ದೋಷ ಬಲವಿಜ್ಞಾನದ ದೃಷ್ಟಿಯಿಂದ ಸ್ಪಷ್ಟವಾಗಿದೆ. ಹೊರಬರುವವರು ಒತ್ತಿದಷ್ಟೂ ಅದು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಅದನ್ನು ತೆರೆಯಬೇಕಾದರೆ ಮುಂದಿನವನು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಹಿಂದಿನಿಂದ ಒತ್ತಡವಿರುವಾಗ ಅದು ಸಾಧ್ಯವಿಲ್ಲ. ಸಂಡರ್‌ಲೆಂಡ್ ದುರಂತದ ಬಳಿಕ ಬಾಗಿಲುಗಳು ಹೊರಮುಖವಾಗಿ ತೆರೆಯಬೇಕೆಂಬ ಒತ್ತಾಯ ಬಲವಾಯಿತು. 1892ರಲ್ಲಿ ರಾಬರ್ಟ್ ಅಲೆಕ್ಸಾಂಡರ್ ಬ್ರಿಗ್ಸ್ ಎಂಬಾತ ಒಳಗಿನಿಂದ ದೂಡಿದರೆ ತಾನಾಗಿ ಕಳಚಿಕೊಳ್ಳುವ ಅಗುಳಿಗೆ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದ. ಇಂದು ಚಿತ್ರಮಂದಿರಗಳ ತುರ್ತು ಬಾಗಿಲಿನ ಒಳಗಡೆ ಅಡ್ಡಲಾಗಿರುವ ಉಕ್ಕಿನ ಪಟ್ಟಿಯನ್ನು ನೀವು ಗಮನಿಸಿರಬಹುದು. ಜನರ ಒತ್ತಡವನ್ನೇ ಬೀಗ ತೆರೆಯುವ ಬಲವನ್ನಾಗಿ ಮಾರ್ಪಡಿಸುವ ಸರಳ ಸನ್ನೆ ಅದು.

ಉಪಕರಣ ಗೊತ್ತಿದ್ದ ಮಾತ್ರಕ್ಕೆ ಅದು ಬಳಕೆಗೆ ಬರುವುದಿಲ್ಲ. 1903ರ ಡಿಸೆಂಬರ್ 30ರಂದು ಅಮೆರಿಕದ ಷಿಕಾಗೋ ನಗರದ ಇರೊಕ್ವಾ ನಾಟಕಮಂದಿರಕ್ಕೆ ಬೆಂಕಿ ಬಿತ್ತು. ಆರಂಭವಾಗಿ ಕೆಲವೇ ವಾರಗಳಾಗಿದ್ದ ಅದನ್ನು ಬೆಂಕಿ ತಗಲದ ಕಟ್ಟಡ ಎಂದು ಜಾಹೀರಾತು ಮಾಡಲಾಗಿತ್ತು. ಕಡಿಮೆ ದರದ ಟಿಕೆಟ್ಟಿನವರು ಹೆಚ್ಚಿನ ದರದ ಆಸನಗಳಿಗೆ ಇಳಿದು ಬಾರದಿರಲೆಂದು ಮೆಟ್ಟಿಲುಗಳಿಗೆ ಅಡ್ಡವಾಗಿ ಕಬ್ಬಿಣದ ಗೇಟುಗಳನ್ನು ಹಾಕಿ ಬೀಗ ಜಡಿದಿದ್ದರು. ಹಲವು ಬಾಗಿಲುಗಳು ಒಳಮುಖವಾಗಿದ್ದವು. ಕೆಲವಕ್ಕೆ ಪ್ರೇಕ್ಷಕರಿಗೆ ಪರಿಚಯವಿಲ್ಲದ ಚಿಲಕಗಳಿದ್ದವು. ಕನಿಷ್ಠ 602 ಜನ ಸತ್ತರು. ಅವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು. ಈ ದುರಂತದ ಬಳಿಕ ಅಮೆರಿಕದಲ್ಲಿ ದೂಡಿ ತೆರೆಯುವ ಅಗುಳಿಯ ತಯಾರಿಕೆ 1908ರ ಹೊತ್ತಿಗೆ ಉದ್ಯಮವಾಗಿ ಬೆಳೆಯಿತು.

ಈ ಎರಡೂ ಪ್ರಸಂಗಗಳಲ್ಲಿ ಒಂದು ಸಮಾನ ಅಂಶವಿದೆ. ಅಗುಳಿಯನ್ನೋ ಗೇಟನ್ನೋ ಯಾರೂ ದುರುದ್ದೇಶದಿಂದ ಹಾಕಿರಲಿಲ್ಲ. ಒಳಬರುವವರನ್ನು ನಿಯಂತ್ರಿಸಲು ಅದು ಬೇಕೆಂದು ತೋರಿತ್ತು. ಒಳಬರುವ ತಡೆಯೇ ಹೊರಹೋಗುವ ತಡೆಯೂ ಆಗುತ್ತದೆಂಬುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ.

ಎರಡೂವರೆ ನಿಮಿಷ

ಬಾಗಿಲು ಹೊರಕ್ಕೆ ತೆರೆದರಾಯಿತು. ಆದರೆ ಎಷ್ಟು ಬೇಗ ಹೊರಬರಬೇಕು? ಇದಕ್ಕೆ ಮೊದಲ ಅಂಕಿ ಸಿಕ್ಕಿದ್ದು ಆಕಸ್ಮಿಕವಾಗಿ. 1911ರ ಮೇ 9ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಎಂಪೈರ್ ಪ್ಯಾಲೇಸ್ ನಾಟಕಮಂದಿರದಲ್ಲಿ ‘ಗ್ರೇಟ್ ಲಾಫಯೆಟ್’ ಎಂಬ ಹೆಸರಾಂತ ಜಾದೂಗಾರನ ಪ್ರದರ್ಶನ ನಡೆಯುತ್ತಿದ್ದಾಗ ರಂಗದ ಮೇಲೆ ಬೆಂಕಿ ಹತ್ತಿತು. ಬೆಂಕಿ ತಡೆಯುವ ಪರದೆಯನ್ನು ಇಳಿಸಲಾಯಿತು. ವಾದ್ಯಮೇಳದವರು ರಾಷ್ಟ್ರಗೀತೆ ನುಡಿಸಿದರು. ಪ್ರೇಕ್ಷಕರು ಎದ್ದುನಿಂತರು, ನಂತರ ಸುಮಾರು 3,000 ಜನ ಸುಮಾರು ಎರಡೂವರೆ ನಿಮಿಷಗಳಲ್ಲಿ ಹೊರಗೆ ಬಂದರು. ರಂಗದ ಹಿಂದಿದ್ದ ಲಾಫಯೆಟ್ ಮತ್ತು ಅವನ ತಂಡದ ಹಲವರು ಸತ್ತರೂ ಪ್ರೇಕ್ಷಕರಲ್ಲಿ ಯಾರೂ ಸಾಯಲಿಲ್ಲ. ಈ ಎರಡೂವರೆ ನಿಮಿಷವೇ ಮುಂದೆ ಬ್ರಿಟನ್ನಿನ ಕಟ್ಟಡ ನಿಯಮಗಳಲ್ಲಿ ತೆರವಿನ ಕಾಲದ ಅಳತೆಗೋಲಾಗಿ ಸೇರಿತು.

ಕಾಲ ಗೊತ್ತಾದ ಮೇಲೆ ಬೇಕಾದದ್ದು ಹರಿವಿನ ದರ. 1958ರಲ್ಲಿ ಹ್ಯಾಂಕಿನ್ ಮತ್ತು ರೈಟ್ ಎಂಬಿಬ್ಬರು ಲಂಡನ್ನಿನ ನೆಲದಡಿ ರೈಲು ನಿಲ್ದಾಣಗಳ ಹಾದಿಗಳಲ್ಲಿ ಪ್ರಯಾಣಿಕರ ಹರಿವನ್ನು ಅಳೆದು ಪ್ರಕಟಿಸಿದರು. ಸಮತಟ್ಟಾದ ಹಾದಿಯಲ್ಲಿ ಪ್ರತಿ ಮೀಟರ್ ಅಗಲಕ್ಕೆ ನಿಮಿಷಕ್ಕೆ ಸುಮಾರು 89 ಜನ ಸಾಗಬಲ್ಲರೆಂದು ಅವರು ಕಂಡುಕೊಂಡರು. ಇಲ್ಲಿ ಬಳಕೆಯಾಗುವ ಸಮೀಕರಣ ದ್ರವಗಳ ಹರಿವಿನದೇ:

ಹರಿವು = ಸಾಂದ್ರತೆ × ವೇಗ × ಅಗಲ

ಸಾಂದ್ರತೆ ಎಂದರೆ ಒಂದು ಚದರ ಮೀಟರಿನಲ್ಲಿರುವ ಜನರ ಸಂಖ್ಯೆ. ನೀರಿಗೂ ಜನರಿಗೂ ಇಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಜನರ ಸಾಂದ್ರತೆ ಹೆಚ್ಚಿದಂತೆ ಅವರ ವೇಗ ಕಡಿಮೆಯಾಗುತ್ತದೆ. ಸ್ವಿಟ್ಜರ್‌ಲೆಂಡಿನ ವೈಡ್‌ಮನ್ 1993ರಲ್ಲಿ ಹಲವು ಅಳತೆಗಳನ್ನು ಕ್ರೋಡೀಕರಿಸಿ ಕೊಟ್ಟ ಸೂತ್ರದಂತೆ, ಅಡೆತಡೆಯಿಲ್ಲದೆ ನಡೆಯುವವನ ಸರಾಸರಿ ವೇಗ ಸೆಕೆಂಡಿಗೆ 1.34 ಮೀಟರ್. ಚದರ ಮೀಟರಿಗೆ 1.75 ಜನರಿದ್ದಾಗ ವೇಗ ಸುಮಾರು 0.7 ಮೀಟರಿಗೆ ಇಳಿಯುತ್ತದೆ. ಆಗ ಹರಿವು ಗರಿಷ್ಠ, ಅಂದರೆ ಮೀಟರ್ ಅಗಲಕ್ಕೆ ಸೆಕೆಂಡಿಗೆ ಸುಮಾರು 1.2 ಜನ. ಸಾಂದ್ರತೆ 4ಕ್ಕೆ ಏರಿದರೆ ವೇಗ ಸುಮಾರು 0.16 ಮೀಟರಿಗೆ ಕುಸಿದು ಹರಿವು ಗರಿಷ್ಠದ ಅರ್ಧಕ್ಕೆ ಬರುತ್ತದೆ. ಸಾಂದ್ರತೆ 5.4 ತಲುಪಿದಾಗ ಈ ಸೂತ್ರದ ಪ್ರಕಾರ ಚಲನೆಯೇ ನಿಲ್ಲುತ್ತದೆ. ಬಾಗಿಲ ಮುಂದೆ ಹೆಚ್ಚು ಜನ ಒತ್ತಿಕೊಂಡು ನಿಂತರೆ ಹೆಚ್ಚು ಜನ ಹೊರಬರುತ್ತಾರೆಂಬ ಸಾಮಾನ್ಯ ನಂಬಿಕೆಗೆ ಆಧಾರವಿಲ್ಲವೆಂದು ಇದರಿಂದ ತಿಳಿಯುತ್ತದೆ.

ಕ್ರೀಡಾಂಗಣಗಳ ಪಾಠ

1946ರ ಮಾರ್ಚ್ 9ರಂದು ಇಂಗ್ಲೆಂಡಿನ ಬೋಲ್ಟನ್ ಪಟ್ಟಣದ ಬರ್ನ್‌ಡೆನ್ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ ನೂಕುನುಗ್ಗಲಿನಿಂದ 33 ಜನ ಸತ್ತರು. ವಿಚಾರಣೆ ನಡೆಸಿದ ಮೊಯೆಲ್ವಿನ್ ಹ್ಯೂಸ್ ತನ್ನ ವರದಿಯಲ್ಲಿ ಎರಡು ಸಂಗತಿಗಳನ್ನು ಹೇಳಿದ. ಮೊದಲನೆಯದಾಗಿ, ಪ್ರತಿ ಆವರಣಕ್ಕೂ ಎಷ್ಟು ಜನರನ್ನು ಬಿಡಬಹುದೆಂದು ವೈಜ್ಞಾನಿಕವಾಗಿ ಲೆಕ್ಕ ಹಾಕಬೇಕು. ಎರಡನೆಯದಾಗಿ, ಆ ಸಂಖ್ಯೆ ಮುಟ್ಟಿದ್ದು ತಕ್ಷಣ ಗೊತ್ತಾಗುವಂತೆ ಯಾಂತ್ರಿಕವಾದ ಎಣಿಕೆ ಇರಬೇಕು. ಇಂದಿಗೂ ಇವೆರಡೇ ಈ ವಿಷಯದ ತಿರುಳು. ಆದರೆ ವರದಿ ಕಪಾಟು ಸೇರಿತು, ಕಾನೂನು ಬರಲಿಲ್ಲ.

1971ರ ಜನವರಿ 2ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಐಬ್ರಾಕ್ಸ್ ಮೈದಾನದಲ್ಲಿ 13ನೆಯ ಸಂಖ್ಯೆಯ ಮೆಟ್ಟಿಲುಗಳ ಮೇಲೆ 66 ಜನ ಸತ್ತರು. ಕೊನೆಯ ನಿಮಿಷದ ಗೋಲಿನ ಸದ್ದು ಕೇಳಿ ಹೊರಟಿದ್ದವರು ಹಿಂತಿರುಗಿದರು, ಇಳಿಯುವವರಿಗೆ ಡಿಕ್ಕಿ ಹೊಡೆದರು ಎಂಬ ಕಥೆ ಕೂಡಲೇ ಹಬ್ಬಿತು. ವಿಚಾರಣೆ ಅದನ್ನು ತಳ್ಳಿಹಾಕಿತು. ಎಲ್ಲರೂ ಒಂದೇ ದಿಕ್ಕಿನಲ್ಲಿ ಇಳಿಯುತ್ತಿದ್ದರು, ಯಾರೋ ಮುಗ್ಗರಿಸಿದರು, ಕಡಿದಾದ ಮೆಟ್ಟಿಲಿನಲ್ಲಿ ಹಿಂದಿನವರು ಅವರ ಮೇಲೆ ಕುಸಿದರು. ಅದೇ ಮೆಟ್ಟಿಲುಗಳ ಮೇಲೆ 1961ರಲ್ಲೇ ಇಬ್ಬರು ಸತ್ತಿದ್ದರು, ಆಮೇಲೂ ಎರಡು ಸಲ ಅವಘಡವಾಗಿತ್ತು. ನ್ಯಾಯಾಧೀಶ ವೀಟ್ಲಿಯವರ ವರದಿಯ ಫಲವಾಗಿ 1973ರಲ್ಲಿ ‘ಗ್ರೀನ್ ಗೈಡ್’ ಎಂದು ಹೆಸರಾದ ಕೈಪಿಡಿಯೂ 1975ರಲ್ಲಿ ಕ್ರೀಡಾಂಗಣ ಸುರಕ್ಷತಾ ಕಾನೂನೂ ಬಂದವು. ಈ ಕೈಪಿಡಿಯ ಅಂಕಿಗಳು ಕಾಲಕಾಲಕ್ಕೆ ಪರಿಷ್ಕೃತವಾಗಿವೆ. 1997ರ ಆವೃತ್ತಿಯಲ್ಲಿ ಸಮತಟ್ಟು ಹಾದಿಗೆ ಮೀಟರ್ ಅಗಲಕ್ಕೆ ನಿಮಿಷಕ್ಕೆ 109 ಜನ ಎಂದಿದ್ದದ್ದನ್ನು 2008ರಲ್ಲಿ 82ಕ್ಕೂ, ಮೆಟ್ಟಿಲಿಗೆ 73 ಎಂದಿದ್ದದ್ದನ್ನು 66ಕ್ಕೂ ಇಳಿಸಲಾಯಿತು. ನಿಂತು ನೋಡುವ ಪ್ರೇಕ್ಷಕರಿಗೆ 10 ಚದರ ಮೀಟರಿಗೆ 47 ಜನ ಎಂಬುದು ಮಿತಿ.

ಕೈಪಿಡಿ ಇದ್ದೂ ಲೆಕ್ಕ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 1989ರ ಏಪ್ರಿಲ್ 15ರ ಷೆಫೀಲ್ಡ್ ನಗರದ ಹಿಲ್ಸ್‌ಬರೋ ದುರಂತ ಸಾಕ್ಷಿ. ಮೈದಾನದ ಒಂದು ತುದಿಯಲ್ಲಿ ನಿಂತು ನೋಡುವ 10,100 ಟಿಕೆಟ್‌ದಾರರಿಗೆ ಇದ್ದದ್ದು 7 ತಿರುಗು ಗೇಟುಗಳು. ಒಂದು ಗೇಟಿನಿಂದ ಗಂಟೆಗೆ 750 ಜನ ಎಂಬ ಅಂದಿನ ಮಾರ್ಗದರ್ಶಿ ಮಿತಿಯಂತೆ ಏಳರಿಂದ ಗಂಟೆಗೆ 5,250 ಜನ. ಎಲ್ಲರೂ ಒಳಬರಲು ಹತ್ತಿರ ಹತ್ತಿರ ಎರಡು ಗಂಟೆ ಬೇಕು. ಆಟ ಆರಂಭವಾಗುವುದು ಮಧ್ಯಾಹ್ನ 3ಕ್ಕೆ. 2:30ಕ್ಕೆ ಒಳಗೆ ಹೋಗಿದ್ದವರು 4,383 ಜನ ಮಾತ್ರ. ಉಳಿದ ಸುಮಾರು 5,700 ಜನ ಅರ್ಧ ಗಂಟೆಯಲ್ಲಿ ಒಳಬರಬೇಕಿತ್ತು. ಗೇಟುಗಳ ಸಾಮರ್ಥ್ಯ ಅರ್ಧ ಗಂಟೆಗೆ 2,625. ಯಾರ ನಡತೆಯನ್ನೂ ನೋಡದೆ, ಈ ಭಾಗಾಕಾರದಿಂದಲೇ ಹೊರಗೆ ಒತ್ತಡ ಹೆಚ್ಚುವುದನ್ನು ಹೇಳಬಹುದಿತ್ತು.

ಒತ್ತಡ ಇಳಿಸಲು 2:52ಕ್ಕೆ ಪೊಲೀಸರು ದೊಡ್ಡ ಗೇಟೊಂದನ್ನು ತೆರೆದರು. ಒಳಬಂದವರಿಗೆ ನೇರವಾಗಿ ಕಂಡದ್ದು ಮಧ್ಯದ ಎರಡು ಆವರಣಗಳಿಗೆ ಹೋಗುವ ಸುರಂಗ. ಆ ಆವರಣಗಳ ಸಾಮರ್ಥ್ಯ 2,200 ಎಂದು ದಾಖಲೆಯಲ್ಲಿತ್ತು. ಕೈಪಿಡಿಯ ಪ್ರಕಾರ ಅದು 1,693 ಇರಬೇಕಿತ್ತೆಂದು ಅನಂತರದ ತಾಂತ್ರಿಕ ಪರಿಶೀಲನೆ ತೋರಿಸಿತು. ಅಂದು ಅಲ್ಲಿ ಸುಮಾರು 3,000 ಜನ ಸೇರಿದರು. ಮುಂದೆ, ಪುಂಡಾಟಿಕೆ ತಡೆಯಲೆಂದು ಹಾಕಿದ ಎತ್ತರದ ಉಕ್ಕಿನ ಬೇಲಿ. ಒಟ್ಟು 97 ಜನ ಸತ್ತರು. ಅಂದಿನ ಗಾಯಗಳ ಪರಿಣಾಮವಾಗಿ ಕೊನೆಯವರು ತೀರಿಕೊಂಡದ್ದು 2021ರಲ್ಲಿ. ತಪ್ಪು ಪ್ರೇಕ್ಷಕರದೇ ಎಂಬ ಆರೋಪ ಬಹುಕಾಲ ಉಳಿಯಿತು. ನ್ಯಾಯಾಧೀಶ ಟೇಲರ್ 1989ರ ಮಧ್ಯಂತರ ವರದಿಯಲ್ಲೇ ಅದನ್ನು ಒಪ್ಪಿರಲಿಲ್ಲ. 2016ರಲ್ಲಿ ತೀರ್ಪುಗಾರರ ಮಂಡಳಿ ಪ್ರೇಕ್ಷಕರ ನಡತೆ ಕಾರಣವಲ್ಲವೆಂದು ಸ್ಪಷ್ಟವಾಗಿ ಹೇಳಿತು. ಸತ್ತವರ ಮನೆಯವರಿಗೆ ಈ ಒಂದು ವಾಕ್ಯ ಕೇಳಲು 27 ವರ್ಷ ಬೇಕಾಯಿತು.

ಉಸಿರು ನಿಲ್ಲುವುದು ಹೇಗೆ?

ಈ ಎಲ್ಲ ಪ್ರಸಂಗಗಳಲ್ಲೂ ಸಾವಿನ ಕಾರಣ ಬಹುಪಾಲು ತುಳಿತವಲ್ಲ, ಉಸಿರುಗಟ್ಟುವಿಕೆ. ಇದನ್ನು ತಾಂತ್ರಿಕ ಭಾಷೆಯಲ್ಲಿ ವಿವರಿಸಿದವರಲ್ಲಿ ಅಮೆರಿಕದ ಇಂಜಿನಿಯರ್ ಜಾನ್ ಫ್ರೂಯಿನ್ ಪ್ರಮುಖರು. ನಡೆದಾಡುವವರಿಗಾಗಿ ಸ್ಥಳ ಯೋಜಿಸುವ ಬಗೆಗಿನ ಅವರ ಪುಸ್ತಕ 1971ರಲ್ಲಿ ಬಂತು. 1979ರ ಡಿಸೆಂಬರ್ 3ರಂದು ಸಿನ್ಸಿನಾಟಿಯಲ್ಲಿ ‘ದ ಹೂ’ ತಂಡದ ಸಂಗೀತ ಕಾರ್ಯಕ್ರಮಕ್ಕೆ ಬಂದಿದ್ದ 11 ಜನ ಬಾಗಿಲುಗಳ ಮುಂದೆ ಸತ್ತರು. ಆಸನಗಳಿಗೆ ಸಂಖ್ಯೆ ಇರಲಿಲ್ಲ, ಮೊದಲು ಬಂದವರಿಗೆ ಮುಂದಿನ ಜಾಗ. ತೆರೆದದ್ದು ಕೆಲವೇ ಬಾಗಿಲುಗಳು. ಇಂತಹ ಹಲವು ಘಟನೆಗಳನ್ನು ಅಭ್ಯಸಿಸಿ 1993ರಲ್ಲಿ ಬರೆದ ಪ್ರಬಂಧದಲ್ಲಿ ಫ್ರೂಯಿನ್ ನಾಲ್ಕು ಅಂಶಗಳನ್ನು ಗುರುತಿಸಿದರು: ಬಲ, ಮಾಹಿತಿ, ಸ್ಥಳ ಮತ್ತು ಕಾಲ.

ಚದರ ಮೀಟರಿಗೆ ಸುಮಾರು 7 ಜನರಾದಾಗ ಗುಂಪು ಹೆಚ್ಚುಕಡಿಮೆ ದ್ರವದಂತೆ ವರ್ತಿಸತೊಡಗುತ್ತದೆ. ಪ್ರತಿಯೊಬ್ಬನೂ ಅಕ್ಕಪಕ್ಕದವರನ್ನು ಎಲ್ಲ ಕಡೆಯಿಂದಲೂ ತಾಗಿಕೊಂಡಿರುವುದರಿಂದ ಒಂದು ಕಡೆಯ ತಳ್ಳಾಟ ತರಂಗವಾಗಿ ದೂರದವರೆಗೆ ಸಾಗುತ್ತದೆ. ಕಾಲು ನೆಲ ಬಿಡುವುದೂ ಉಂಟು. ಹಿಂದಿನ ಒಬ್ಬೊಬ್ಬನೂ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ವಾಲಿದರೂ ಆ ಬಲಗಳು ಕೂಡಿಕೊಳ್ಳುತ್ತವೆ. ದುರಂತಗಳ ನಂತರ ಬಾಗಿದ್ದ ಉಕ್ಕಿನ ಕಂಬಿಗಳನ್ನು ಪರಿಶೀಲಿಸಿ, 4,500 ನ್ಯೂಟನ್‌ಗೂ ಮಿಕ್ಕಿದ ಬಲ ಬಿದ್ದಿತ್ತೆಂದು ಅಂದಾಜು ಮಾಡಲಾಗಿದೆ. ಇದು ಸುಮಾರು 450 ಕಿಲೋಗ್ರಾಂ ವಸ್ತುವಿನ ತೂಕಕ್ಕೆ ಸಮ. ಉಸಿರೆಳೆದುಕೊಳ್ಳಬೇಕಾದರೆ ಪಕ್ಕೆಲುಬುಗಳ ಗೂಡು ಹಿಗ್ಗಬೇಕು, ವಪೆ ಕೆಳಗಿಳಿಯಬೇಕು. ಎದೆ ಬೆನ್ನುಗಳ ಮೇಲೆ ಇಷ್ಟು ಬಲವಿದ್ದರೆ ಪ್ರತಿ ಸಲ ಉಸಿರು ಬಿಟ್ಟಾಗಲೂ ಗೂಡು ಕುಗ್ಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಸುತ್ತಲೂ ಗಾಳಿ ಇದ್ದೂ, ನಿಂತ ನಿಲುವಿನಲ್ಲೇ, ಕೆಲವೇ ನಿಮಿಷಗಳಲ್ಲಿ ಸಾವು ಬರಬಹುದು.

‘ಮಾಹಿತಿ’ ಎಂಬ ಎರಡನೆಯ ಅಂಶವೂ ಅಷ್ಟೇ ಮುಖ್ಯ. ಮುಂದೆ ಜನ ಸಾಯುತ್ತಿರುವುದು ಹಿಂದಿನವರಿಗೆ ತಿಳಿಯುವುದಿಲ್ಲ. ಸಾಲು ಮುಂದೆ ಸಾಗುತ್ತಿದೆಯೆಂದೇ ಅವರ ಭಾವನೆ. ಆದುದರಿಂದ ಕನ್ನಡದ ಎರಡು ಪದಗಳಲ್ಲಿ ‘ಕಾಲ್ತುಳಿತ’ಕ್ಕಿಂತ ‘ನೂಕುನುಗ್ಗಲು’ ಸತ್ಯಕ್ಕೆ ಹತ್ತಿರ. ಮೊದಲನೆಯದು ತುಳಿದವರನ್ನು ಹುಡುಕಲು ಹೇಳುತ್ತದೆ. ಎರಡನೆಯದು ಬಲ ಎಲ್ಲಿಂದ ಬಂತು, ಎಲ್ಲಿ ತಡೆಯಾಯಿತು ಎಂದು ಕೇಳುವಂತೆ ಮಾಡುತ್ತದೆ.

ಭೌತವಿಜ್ಞಾನಿಗಳ ಪ್ರವೇಶ

1971ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಹೆಂಡರ್‌ಸನ್ ‘ನೇಚರ್’ ಪತ್ರಿಕೆಯಲ್ಲಿ ಕುತೂಹಲಕರವಾದ ಪ್ರಬಂಧವೊಂದನ್ನು ಪ್ರಕಟಿಸಿದರು. ವಿರಳವಾದ ಗುಂಪಿನಲ್ಲಿ ನಡೆಯುವವರ ವೇಗಗಳ ಹಂಚಿಕೆಯನ್ನು ಅಳೆದು, ಅನಿಲದ ಅಣುಗಳಿಗೆ ಅನ್ವಯಿಸುವ ಮ್ಯಾಕ್ಸ್‌ವೆಲ್–ಬೋಲ್ಟ್ಸ್‌ಮನ್ ವಿತರಣೆಗೆ ಅವರು ಹೋಲಿಸಿದರು. ಹೋಲಿಕೆ ಚೆನ್ನಾಗಿತ್ತಾದರೂ ಮನುಷ್ಯ ಅಣುವಲ್ಲ. ಅವನಿಗೆ ಗುರಿಯಿದೆ, ಡಿಕ್ಕಿಯಾಗುವ ಮೊದಲೇ ಅವನು ಪಕ್ಕಕ್ಕೆ ಸರಿಯುತ್ತಾನೆ.

ಇದನ್ನು ಸಮೀಕರಣದಲ್ಲಿ ತಂದವರು ಜರ್ಮನಿಯ ಡಿರ್ಕ್ ಹೆಲ್ಬಿಂಗ್ ಮತ್ತು ಪೀಟರ್ ಮೊಲ್ನಾರ್. 1995ರ ಅವರ ‘ಸಾಮಾಜಿಕ ಬಲ’ ಮಾದರಿಯಲ್ಲಿ ಪ್ರತಿ ವ್ಯಕ್ತಿಯ ಮೇಲೂ ಗುರಿಯತ್ತ ಎಳೆಯುವ ಬಲ, ಇತರರಿಂದ ಮತ್ತು ಗೋಡೆಗಳಿಂದ ದೂರ ತಳ್ಳುವ ಬಲ ಇವು ವರ್ತಿಸುತ್ತವೆ. ನ್ಯೂಟನ್ನನ ಎರಡನೆಯ ನಿಯಮದ ರೂಪದಲ್ಲೇ ಸಮೀಕರಣವನ್ನು ಬರೆಯಲಾಗುತ್ತದೆ. ಆದರೆ ಮೂರನೆಯ ನಿಯಮ ಈ ಬಲಗಳಿಗೆ ಅನ್ವಯಿಸಬೇಕಿಲ್ಲ. ಮನುಷ್ಯ ತನ್ನ ಮುಂದಿರುವವನಿಗೆ ಹೆಚ್ಚಾಗಿ ಪ್ರತಿಕ್ರಿಯಿಸುತ್ತಾನೆ, ಬೆನ್ನ ಹಿಂದಿರುವವನಿಗೆ ಅಷ್ಟಾಗಿ ಅಲ್ಲ. 2000ದಲ್ಲಿ ಹೆಲ್ಬಿಂಗ್, ಫರ್ಕಾಶ್ ಮತ್ತು ವಿಚೆಕ್ ಈ ಮಾದರಿಗೆ ದೇಹಗಳ ನಡುವಿನ ಘರ್ಷಣೆಯನ್ನು ಸೇರಿಸಿ, 200 ಜನ 1 ಮೀಟರ್ ಅಗಲದ ಬಾಗಿಲಿನಿಂದ ಹೊರಬರುವುದನ್ನು ಗಣಕದಲ್ಲಿ ಅನುಕರಿಸಿದರು. ಬಯಸುವ ವೇಗ ಸೆಕೆಂಡಿಗೆ 1.5 ಮೀಟರ್ ದಾಟಿದರೆ ತೆರವು ನಿಧಾನವಾಗುತ್ತದೆಂದು ಕಂಡುಬಂತು. ಬಾಗಿಲ ಮುಂದೆ ದೇಹಗಳು ಕಮಾನಿನಂತೆ ಒಂದಕ್ಕೊಂದು ಆತುಕೊಂಡು ಹಾದಿ ಕಟ್ಟುತ್ತವೆ. ಕಿರಿದಾದ ಆಲಿಕೆಯಲ್ಲಿ ರಾಗಿಯನ್ನು ಸುರಿದಾಗ ಕಾಳುಗಳು ಸಿಕ್ಕಿಕೊಳ್ಳುವುದೂ ಇದೇ ರೀತಿಯಲ್ಲಿ. ಅವಸರವೇ ವಿಳಂಬಕ್ಕೆ ಕಾರಣವೆಂಬ ಹಿರಿಯರ ಮಾತಿಗೆ ಇಲ್ಲಿ ಸಂಖ್ಯೆಯ ಬೆಂಬಲ ಸಿಕ್ಕಿತು.

2006ರ ಜನವರಿ 12ರಂದು ಮೆಕ್ಕಾ ಬಳಿಯ ಮಿನಾದಲ್ಲಿ, ಜಮರಾತ್ ಸೇತುವೆಯ ಪ್ರವೇಶದಲ್ಲಿ, ಹಜ್ ಯಾತ್ರಿಕರು ನೂರಾರು ಸಂಖ್ಯೆಯಲ್ಲಿ ಸತ್ತರು. ಅಲ್ಲಿದ್ದ ಕ್ಯಾಮೆರಾದ ದಾಖಲೆಯನ್ನು ಹೆಲ್ಬಿಂಗ್ ಮತ್ತು ಸಂಗಡಿಗರು ವಿಶ್ಲೇಷಿಸಿ 2007ರಲ್ಲಿ ಪ್ರಕಟಿಸಿದರು. ನಯವಾಗಿದ್ದ ಹರಿವು ಮೊದಲು ನಿಂತು ನಿಂತು ಸಾಗುವ ಅಲೆಗಳಾಯಿತು. ಬಳಿಕ ಎಲ್ಲ ದಿಕ್ಕುಗಳಿಗೂ ಜನರನ್ನು ಎಸೆಯುವ ಪ್ರಕ್ಷುಬ್ಧ ಸ್ಥಿತಿಗೆ ತಲುಪಿತು. ಮೊದಲ ಬದಲಾವಣೆಗೂ ಎರಡನೆಯದಕ್ಕೂ ನಡುವೆ ಸುಮಾರು ಅರ್ಧ ಗಂಟೆ ಅಂತರವಿತ್ತು. ಎಂದರೆ ಎಚ್ಚರಿಕೆ ಕೊಡಲು ಅರ್ಧ ಗಂಟೆ ಸಿಗಬಹುದಿತ್ತು. ಸೇತುವೆಯನ್ನು ಬಹುಮಹಡಿಯಾಗಿ ಮತ್ತೆ ಕಟ್ಟಲಾಯಿತು. ಏಕಮುಖ ಹಾದಿ, ತಂಡಗಳಿಗೆ ವೇಳಾಪಟ್ಟಿ ಬಂದವು. ಆದರೆ 2015ರ ಸೆಪ್ಟೆಂಬರಿನಲ್ಲಿ ಸೇತುವೆಯ ಕಡೆಗೆ ಹೋಗುವ ಬೀದಿಯೊಂದರಲ್ಲಿ ಇನ್ನೂ ಭೀಕರ ದುರಂತವಾಯಿತು. ಅಧಿಕೃತ ಸಂಖ್ಯೆಯೇ 769. ಒಂದು ಕಡೆಯ ಇಕ್ಕಟ್ಟನ್ನು ಸರಿಪಡಿಸಿದರೆ ಅದು ಹಾದಿಯ ಇನ್ನೊಂದು ಕಡೆಗೆ ಸರಿಯಬಹುದು. ಇಡೀ ಹಾದಿಯ ಲೆಕ್ಕ ಒಟ್ಟಿಗೇ ಆಗಬೇಕು.

ಇತ್ತೀಚಿನ ಒಂದು ಶೋಧವೂ ಇಲ್ಲಿ ಉಲ್ಲೇಖನೀಯ. ಸ್ಪೇನ್ ದೇಶದ ಪಾಂಪ್ಲೋನಾ ನಗರದ ಸಾನ್ ಫರ್ಮಿನ್ ಹಬ್ಬದ ಆರಂಭಕ್ಕೆ ಚೌಕದಲ್ಲಿ ಸಾವಿರಾರು ಜನ ಸೇರುತ್ತಾರೆ. ಡೆನಿಸ್ ಬಾರ್ಟೊಲೊ ತಂಡ ಇದನ್ನು ಮೇಲಿನಿಂದ ಹಲವು ವರ್ಷ ಚಿತ್ರೀಕರಿಸಿ 2025ರಲ್ಲಿ ‘ನೇಚರ್’ನಲ್ಲಿ ಫಲಿತಾಂಶ ಪ್ರಕಟಿಸಿತು. ಚದರ ಮೀಟರಿಗೆ ಸುಮಾರು 4 ಜನ ಎಂಬ ಮಿತಿ ದಾಟಿದಾಗ, ಯಾರೂ ತಳ್ಳದಿದ್ದರೂ, ನೂರಾರು ಜನರ ಗುಂಪು ಒಟ್ಟಾಗಿ ಸುಮಾರು 18 ಸೆಕೆಂಡಿಗೊಮ್ಮೆ ವೃತ್ತಾಕಾರವಾಗಿ ತೂಗಾಡುತ್ತದೆ. 21 ಜನ ಸತ್ತ 2010ರ ಡೂಯಿಸ್‌ಬರ್ಗ್ ‘ಲವ್ ಪರೇಡ್’ ದುರಂತದ ಚಿತ್ರಣದಲ್ಲೂ ಇಂತಹ ತೂಗಾಟ ಕಂಡುಬಂತು. ಮೇಲಿನಿಂದ ನೋಡುವ ಕ್ಯಾಮೆರಾ ಈ ಲಕ್ಷಣವನ್ನು ಗುರುತಿಸಿದರೆ ಅದು ಅಪಾಯದ ಮುನ್ಸೂಚನೆಯಾಗಬಲ್ಲದು.

ಸುರಕ್ಷತೆ ಮತ್ತು ಭದ್ರತೆ

ಈ ಎರಡು ಪದಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ಅವು ಎರಡು ಬೇರೆ ಪ್ರಶ್ನೆಗಳು. ಕೆಟ್ಟದ್ದನ್ನು ಮಾಡಲು ಬರುವವನನ್ನು ತಡೆಯುವುದು ಭದ್ರತೆ. ಒಳ್ಳೆಯ ಉದ್ದೇಶದಿಂದ ಬಂದವರು ಜೀವಂತವಾಗಿ ಮನೆಗೆ ಹೋಗುವಂತೆ ನೋಡಿಕೊಳ್ಳುವುದು ಸುರಕ್ಷತೆ. 2017ರ ಮೇ 22ರಂದು ಮ್ಯಾಂಚೆಸ್ಟರ್ ಅರೀನಾದ ಸಂಗೀತ ಕಾರ್ಯಕ್ರಮ ಮುಗಿದು ಜನ ಹೊರಡುವಾಗ ನಡೆದ ಬಾಂಬ್ ದಾಳಿಯಲ್ಲಿ 22 ಜನ ಸತ್ತರು. ಇದರ ಪರಿಣಾಮವಾಗಿ ಬ್ರಿಟನ್ 2025ರಲ್ಲಿ, 200 ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವ ಸ್ಥಳಗಳಿಗೆ ಇಂತಹ ದಾಳಿ ಎದುರಿಸುವ ಯೋಜನೆ ಇರಬೇಕೆಂಬ ಕಾನೂನು ಮಾಡಿತು. ಭದ್ರತೆ ಬೇಡವೆನ್ನುವಂತಿಲ್ಲ. ಆದರೆ ತಪಾಸಣೆಗೂ ಹರಿವಿನ ದರವಿದೆ.

ಒಬ್ಬರ ಚೀಲ ನೋಡಲು 10 ಸೆಕೆಂಡು ಬೇಕೆಂದಿಟ್ಟುಕೊಳ್ಳಿ. ಒಂದು ಸಾಲಿನಿಂದ ಗಂಟೆಗೆ 360 ಜನ, 10 ಸಾಲುಗಳಿಂದ 3,600 ಜನ. 20,000 ಜನ ಬರುವ ಕಾರ್ಯಕ್ರಮಕ್ಕೆ ಐದೂವರೆ ಗಂಟೆ ಬೇಕು. ದ್ವಾರಗಳನ್ನು ಎರಡು ಗಂಟೆ ಮುಂಚೆ ತೆರೆಯುವುದಾದರೆ ಸುಮಾರು 28 ಸಾಲುಗಳು ಬೇಕಾಗುತ್ತವೆ. ಅಷ್ಟು ಸಾಲು ಇಲ್ಲದಿದ್ದರೆ ಗುಂಪು ಹೊರಗೆ ಬೆಳೆಯುತ್ತದೆ. ತಪಾಸಣೆಯೇ ಹೊಸ ಇಕ್ಕಟ್ಟಾಗುತ್ತದೆ. ಸಂಡರ್‌ಲೆಂಡಿನ ಅಗುಳಿಯಿಂದ ಹಿಲ್ಸ್‌ಬರೋದ ಬೇಲಿಯವರೆಗೆ ನಾವು ನೋಡಿದ್ದು ಇದನ್ನೇ.

ಕಾರ್ಯಕ್ರಮಕ್ಕೆ ಆಯೋಜಕರೇ ಇಲ್ಲದಿದ್ದರೆ? 2022ರ ಅಕ್ಟೋಬರ್ 29ರಂದು ದಕ್ಷಿಣ ಕೊರಿಯಾದ ಸೋಲ್ ನಗರದ ಇಟೇವಾನ್‌ನಲ್ಲಿ ಹ್ಯಾಲೋವೀನ್ ಸಂಜೆಗೆ ಜನ ತಾವಾಗಿ ಸೇರಿದ್ದರು. ಸುಮಾರು 40 ಮೀಟರ್ ಉದ್ದದ, ಅತಿ ಕಿರಿದಾದಲ್ಲಿ 3.2 ಮೀಟರ್ ಅಗಲದ ಇಳಿಜಾರು ಓಣಿಯಲ್ಲಿ ಸಿಕ್ಕಿಕೊಂಡು ಸತ್ತವರ ಸಂಖ್ಯೆ 159. ಅಪಾಯವಿದೆಯೆಂಬ ಮೊದಲ ಕರೆ ಪೊಲೀಸರಿಗೆ ಸಂಜೆ 6:34ಕ್ಕೇ ಬಂದಿತ್ತು. ದುರಂತವಾದದ್ದು ರಾತ್ರಿ 10 ಗಂಟೆ ದಾಟಿದ ಮೇಲೆ. ಟಿಕೆಟ್ಟಿಲ್ಲದ ಕಡೆಯೂ ಎಣಿಸುವವರೊಬ್ಬರು ಇರಬೇಕೆಂಬುದು ಇದರ ಪಾಠ.

ನಮ್ಮ ಮುಂದಿರುವ ಕೆಲಸ

ಕರ್ನಾಟಕಕ್ಕೂ ಈ ಇತಿಹಾಸದಲ್ಲಿ ನೋವಿನ ಪಾಲಿದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು, ಅದರ ಬೆನ್ನಿಗೇ ಆದ ನೂಕುನುಗ್ಗಲಿನಲ್ಲಿ, 92 ಜನ ಸತ್ತರು, ಬಹುಪಾಲು ಮಕ್ಕಳು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2014ರಲ್ಲಿ ಜನ ಸೇರುವ ಕಾರ್ಯಕ್ರಮಗಳ ನಿರ್ವಹಣೆಗೆಂದೇ ವಿವರವಾದ ಮಾರ್ಗದರ್ಶಿಯನ್ನು ಹೊರತಂದಿತು. ಹನ್ನೊಂದು ವರ್ಷಗಳ ನಂತರ, ಸುಮಾರು 35,000 ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಅದರ ಹಲವು ಪಟ್ಟು ಜನ ಸೇರಿದರು. ಆ ವರ್ಷವೇ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣದ ಮಸೂದೆಯನ್ನು ವಿಧಾನಮಂಡಲದಲ್ಲಿ ಮಂಡಿಸಿತು. ಕಾನೂನು ಅಗತ್ಯ, ಆದರೆ ಬರ್ನ್‌ಡೆನ್ ಪಾರ್ಕಿನ ವರದಿಗೆ ಆದ ಗತಿಯನ್ನು ನಾವು ನೋಡಿದ್ದೇವೆ. ಲೆಕ್ಕ ಹಾಕಬಲ್ಲವರು, ಲೆಕ್ಕ ಕೇಳಬಲ್ಲವರು ಇಲ್ಲದಿದ್ದರೆ ಕಾಗದದ ಮೇಲಿನ ಮಿತಿಗೆ ಬೆಲೆಯಿಲ್ಲ.

ಅಂಥವರನ್ನು ತಯಾರು ಮಾಡುವ ಕೆಲಸ ಶಾಲೆಯಲ್ಲೇ ಆರಂಭವಾಗಬಹುದು. ವಾರ್ಷಿಕೋತ್ಸವಕ್ಕೆ ಮುಂಚೆ ವಿದ್ಯಾರ್ಥಿಗಳು ಒಂದು ಅಳತೆ ಪಟ್ಟಿ ಮತ್ತು ನಿಲ್ಲುಗಡಿಯಾರದೊಂದಿಗೆ ಈ ಚಟುವಟಿಕೆಯನ್ನು ಮಾಡಬಹುದು.

1. ಸಭಾಂಗಣದ ಎಲ್ಲ ಬಾಗಿಲುಗಳ ಅಗಲವನ್ನು ಅಳೆಯಿರಿ. ಯಾವುದು ಹೊರಕ್ಕೆ ತೆರೆಯುತ್ತದೆ, ಯಾವುದಕ್ಕೆ ಬೀಗವಿದೆ, ಯಾವುದರ ಮುಂದೆ ಬೆಂಚು ಪೇರಿಸಿದೆ ಎಂದು ಬರೆದುಕೊಳ್ಳಿ.

2. ಸಮತಟ್ಟು ಹಾದಿಗೆ ಮೀಟರಿಗೆ ನಿಮಿಷಕ್ಕೆ 82, ಮೆಟ್ಟಿಲಿಗೆ 66 ಎಂಬ ದರ ಬಳಸಿ ತೆರವಿನ ಕಾಲವನ್ನು ಲೆಕ್ಕ ಹಾಕಿರಿ. ಆರಂಭದಲ್ಲಿ ಹೇಳಿದ 1,200 ಜನರ ಸಭಾಂಗಣಕ್ಕೆ 2 ಮೀಟರ್ ಅಗಲದ ಎರಡು ಬಾಗಿಲುಗಳಿದ್ದರೆ ನಿಮಿಷಕ್ಕೆ 328 ಜನರಂತೆ ಸುಮಾರು 3.7 ನಿಮಿಷ. ಒಂದು ಬಾಗಿಲಿಗೆ ಬೀಗವಿದ್ದರೆ 7.3 ನಿಮಿಷ.

3. ಒಂದು ತರಗತಿಯ ಮಕ್ಕಳು ಸಾವಧಾನವಾಗಿ ಸಾಲಾಗಿ ಹೊರಬರುವ ಕಾಲವನ್ನು ಅಳೆದು ಲೆಕ್ಕದೊಂದಿಗೆ ಹೋಲಿಸಿರಿ. ಓಡಿ ನೋಡುವ ಪ್ರಯೋಗ ಖಂಡಿತ ಬೇಡ.

4. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಚದರ ಮೀಟರ್ ಗುರುತಿಸಿ. ಅದರಲ್ಲಿ ಇಬ್ಬರು, ಬಳಿಕ ಮೂವರು, ನಾಲ್ವರು ನಿಂತರೆ ಕೈ ಆಡಿಸಲು ಎಷ್ಟು ಜಾಗ ಉಳಿಯುತ್ತದೆಂದು ನೋಡಿ. ನಾಲ್ಕಕ್ಕೆ ನಿಲ್ಲಿಸಿ, ಏಳನ್ನು ಊಹಿಸಿಕೊಂಡರೆ ಸಾಕು.

ಫಲಿತಾಂಶವನ್ನು ಒಂದು ಪುಟದಲ್ಲಿ ಬರೆದು ಮುಖ್ಯೋಪಾಧ್ಯಾಯರಿಗೆ ಕೊಡಿ. ಬೀಗ ಹಾಕಿದ ಬಾಗಿಲಿನ ಕೀಲಿಕೈ ಯಾರ ಬಳಿ ಇದೆ ಎಂಬುದನ್ನೂ ಅದರಲ್ಲಿ ನಮೂದಿಸಿ.